ಕಿಡಿಯ ಕಾಲದಿಂದ ಕೃತಕ ಬುದ್ಧಿಮತ್ತೆಯವರೆಗೆ: ರೇಡಿಯೊ ಎಂಜಿನಿಯರ್‌ಗಳ ‘ಪ್ರೊಸೀಡಿಂಗ್ಸ್’ ನಡೆದು ಬಂದ ದಾರಿ

‘ಪ್ರೊಸೀಡಿಂಗ್ಸ್ ಆಫ್ ದಿ ಇನ್‌ಸ್ಟಿಟ್ಯೂಟ್ ಆಫ್ ರೇಡಿಯೊ ಎಂಜಿನಿಯರ್ಸ್’ ಎಂಬ ತ್ರೈಮಾಸಿಕದ ಮೊದಲ ಸಂಚಿಕೆ 1913ರ ಜನವರಿಯಲ್ಲಿ ನ್ಯೂಯಾರ್ಕ್ ನಗರದಿಂದ ಹೊರಬಂದಿತು. ಅದರ ಹಿಂದಿದ್ದ ಸಂಸ್ಥೆಗೆ ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಸ್ವಂತ ಕಟ್ಟಡವಿರಲಿಲ್ಲ, ಕೈಯಲ್ಲಿ ಹೇಳಿಕೊಳ್ಳುವಂಥ ಹಣವೂ ಇರಲಿಲ್ಲ. ಆ ಪತ್ರಿಕೆ ಶತಮಾನ ದಾಟಿ ಇಂದು ‘ಪ್ರೊಸೀಡಿಂಗ್ಸ್ ಆಫ್ ದಿ ಐ-ಟ್ರಿಪಲ್-ಇ’ ಎಂಬ ಹೆಸರಿನಲ್ಲಿ ಪ್ರತಿ ತಿಂಗಳೂ ಪ್ರಕಟವಾಗುತ್ತಿದೆ. ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಕ್ಷೇತ್ರದಲ್ಲಿ ಅತಿ ಹೆಚ್ಚು ಉಲ್ಲೇಖಗೊಳ್ಳುವ ಪತ್ರಿಕೆಗಳ ಮುಂಚೂಣಿಯಲ್ಲಿದೆ. ಎಂಜಿನಿಯರ್‌ಗಳ ಈ ಬಳಗದ ಸದಸ್ಯರಾದ ನಮಗೆಲ್ಲ ಇದು ಹೆಮ್ಮೆಯ ವಿಷಯ. ಪತ್ರಿಕೆಯನ್ನು ಕಟ್ಟಿ ಬೆಳೆಸಿದ ಹಿರಿಯರನ್ನು ಕೃತಜ್ಞತೆಯಿಂದ ನೆನೆಯುತ್ತ, ಅದು ನಡೆದು ಬಂದ ದಾರಿಯನ್ನು ಇಲ್ಲಿ ಕ್ರಮವಾಗಿ ನಿರೂಪಿಸಲಾಗಿದೆ.

ಸ್ಥಾಪನೆ ಮತ್ತು ಸ್ಥಾಪಕರು

ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ವೈರ್‌ಲೆಸ್ ಎಂಬುದು ಹೊಸ ವಿದ್ಯೆ. ವಿದ್ಯುತ್ ಕಿಡಿ ಹಾರಿಸಿ ಮೋರ್ಸ್ ಸಂಕೇತ ಕಳಿಸುವ ಕೆಲಸವೇ ಅದರ ಮುಖ್ಯ ಭಾಗವಾಗಿತ್ತು. ಈ ವಿದ್ಯೆಯಲ್ಲಿ ತೊಡಗಿದವರಿಗೆ ತಮ್ಮದೇ ವೇದಿಕೆ ಬೇಕೆನಿಸಿದ್ದು ಸಹಜ. ಜಾನ್ ಸ್ಟೋನ್ ಸ್ಟೋನ್ ಅವರು 1907ರಲ್ಲಿ ಬಾಸ್ಟನ್ ನಗರದಲ್ಲಿ ‘ಸೊಸೈಟಿ ಆಫ್ ವೈರ್‌ಲೆಸ್ ಟೆಲಿಗ್ರಾಫ್ ಎಂಜಿನಿಯರ್ಸ್’ ಸ್ಥಾಪಿಸಿದರು. ರಾಬರ್ಟ್ ಮ್ಯಾರಿಯಟ್ ಅವರು 1909ರಲ್ಲಿ ನ್ಯೂಯಾರ್ಕಿನಲ್ಲಿ ‘ವೈರ್‌ಲೆಸ್ ಇನ್‌ಸ್ಟಿಟ್ಯೂಟ್’ ಆರಂಭಿಸಿದರು. ಎರಡೂ ಸಂಘಗಳು ಬಹುಬೇಗ ಸೊರಗಿದವು. ಸ್ಟೋನ್ ಅವರ ಕಂಪನಿ ಮುಚ್ಚಿತು, ಎಂಜಿನಿಯರ್‌ಗಳು ಕೆಲಸ ಹುಡುಕಿಕೊಂಡು ಊರು ಬಿಟ್ಟರು, ಸದಸ್ಯರ ಸಂಖ್ಯೆ ಕರಗುತ್ತ ಬಂತು.

ಬೇರೆ ಬೇರೆಯಾಗಿ ಉಳಿದರೆ ಎರಡೂ ಅಳಿಯುತ್ತವೆ ಎಂಬುದನ್ನು ಮನಗಂಡವರು ಮೂವರು: ಮ್ಯಾರಿಯಟ್, ಆಲ್ಫ್ರೆಡ್ ಗೋಲ್ಡ್‌ಸ್ಮಿತ್ ಮತ್ತು ಜಾನ್ ಹೋಗನ್. ಇವರ ಪ್ರಯತ್ನದಿಂದ 1912ರ ಮೇ 13ರಂದು ಕೊಲಂಬಿಯಾ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಎರಡು ಸಂಘಗಳೂ ಒಂದಾಗಿ ‘ಇನ್‌ಸ್ಟಿಟ್ಯೂಟ್ ಆಫ್ ರೇಡಿಯೊ ಎಂಜಿನಿಯರ್ಸ್’ ರೂಪುಗೊಂಡಿತು. ಟೈಟಾನಿಕ್ ಹಡಗು ಮುಳುಗಿ ಆಗಿನ್ನೂ ಒಂದು ತಿಂಗಳಾಗಿತ್ತಷ್ಟೆ. ಸಮುದ್ರದ ನಡುವೆ ಸಿಲುಕಿದವರ ಜೀವಕ್ಕೆ ವೈರ್‌ಲೆಸ್ ಎಷ್ಟು ಮುಖ್ಯ ಎಂಬುದು ಜಗತ್ತಿಗೇ ಮನವರಿಕೆಯಾಗಿದ್ದ ಹೊತ್ತು ಅದು. ಆರಂಭದ ಸದಸ್ಯರು ಐವತ್ತರ ಒಳಗೆ. ಮ್ಯಾರಿಯಟ್ ಮೊದಲ ಅಧ್ಯಕ್ಷರಾದರು. ಪತ್ರಿಕೆಯ ಹೊಣೆ ಗೋಲ್ಡ್‌ಸ್ಮಿತ್ ಅವರ ಹೆಗಲೇರಿತು.

ಸ್ಥಾಪಕರ ದೂರದೃಷ್ಟಿ ಎಂಥದು ಎಂಬುದಕ್ಕೆ ಸಂಸ್ಥೆಯ ಹೆಸರೇ ಸಾಕ್ಷಿ. ಅಂದಿನ ರೂಢಿಯಂತೆ ‘ಅಮೆರಿಕನ್’ ಎಂಬ ವಿಶೇಷಣ ಸೇರಿಸಬಹುದಿತ್ತು. ಅವರು ಬೇಕೆಂದೇ ಬಿಟ್ಟರು. ರೇಡಿಯೊ ತರಂಗ ದೇಶದ ಗಡಿಯಲ್ಲಿ ನಿಲ್ಲುವುದಿಲ್ಲ, ಅದನ್ನು ಅಭ್ಯಸಿಸುವವರ ಸಂಘವೂ ನಿಲ್ಲಬಾರದು ಎಂಬುದು ಅವರ ನಿಲುವಾಗಿತ್ತು. ಮುಂದೆ ಜಪಾನಿನಿಂದ, ಯುರೋಪಿನಿಂದ, ಭಾರತದಿಂದ ಬಂದ ಬರಹಗಳಿಗೆ ಪತ್ರಿಕೆಯ ಬಾಗಿಲು ತೆರೆದದ್ದು ಈ ನಿಲುವಿನಿಂದಲೇ.

ಗೋಲ್ಡ್‌ಸ್ಮಿತ್ ಅವರ ನಾಲ್ಕು ದಶಕ

ಸಂಪಾದಕತ್ವ ವಹಿಸಿಕೊಂಡಾಗ ಗೋಲ್ಡ್‌ಸ್ಮಿತ್ ಇಪ್ಪತ್ತಮೂರು-ಇಪ್ಪತ್ತನಾಲ್ಕರ ಯುವಕ. ಕೊಲಂಬಿಯಾದಲ್ಲಿ ಡಾಕ್ಟರೇಟ್ ಪಡೆದು ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. 1954ರಲ್ಲಿ ನಿವೃತ್ತರಾಗುವವರೆಗೆ, ನಾಲ್ಕು ದಶಕಗಳಿಗೂ ಮೀರಿ, ಈ ಪತ್ರಿಕೆಯೇ ಅವರ ಬದುಕಿನ ಕಾಯಕವಾಯಿತು. ಅವರ ಕಾಲದಲ್ಲಿ ತ್ರೈಮಾಸಿಕವು 1916ರಲ್ಲಿ ದ್ವೈಮಾಸಿಕವಾಯಿತು, 1927ರಲ್ಲಿ ಮಾಸಿಕವಾಯಿತು.

ಅವರು ನೆಲೆಗೊಳಿಸಿದ ಒಂದು ಪದ್ಧತಿಯನ್ನು ವಿಶೇಷವಾಗಿ ಹೇಳಬೇಕು. ಸಭೆಯಲ್ಲಿ ಓದಿದ ಪ್ರಬಂಧದ ಜೊತೆಗೆ ಅದರ ಮೇಲೆ ನಡೆದ ಚರ್ಚೆಯೂ ಅಚ್ಚಾಗುತ್ತಿತ್ತು. 1915ರಲ್ಲಿ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಅವರು ಆಡಿಯಾನ್ ವಾಲ್ವ್ ಕುರಿತ ತಮ್ಮ ಪ್ರಬಂಧ ಮಂಡಿಸಿದರು. ಆ ವಾಲ್ವನ್ನು ಕಂಡುಹಿಡಿದ ಲೀ ಡಿ ಫಾರೆಸ್ಟ್ ಅವರು ಅದನ್ನು ಬಲವಾಗಿ ಆಕ್ಷೇಪಿಸಿದರು. ಆರ್ಮ್‌ಸ್ಟ್ರಾಂಗ್ ಅಷ್ಟೇ ಬಲವಾಗಿ ಉತ್ತರ ಕೊಟ್ಟರು. ಪ್ರಬಂಧ, ಆಕ್ಷೇಪ, ಉತ್ತರ ಮೂರೂ ಒಂದೇ ಸಂಚಿಕೆಯಲ್ಲಿ ಓದುಗರ ಮುಂದೆ ಬಂದವು. ಯಾರ ಮಾತನ್ನೂ ಮುಚ್ಚಿಡದೆ, ತೀರ್ಪನ್ನು ಓದುಗನ ವಿವೇಚನೆಗೆ ಬಿಡುವ ಈ ಕ್ರಮವೇ ಪತ್ರಿಕೆಗೆ ವಿಶ್ವಾಸಾರ್ಹತೆ ತಂದಿತು.

ದತ್ತಿ ಮತ್ತು ಗೌರವಗಳು

ಸಂಸ್ಥೆ ಬೆಳೆದಂತೆ ದಾನಿಗಳೂ ಮುಂದೆ ಬಂದರು. ಮೊದಲ ಮಹಾಯುದ್ಧದಲ್ಲಿ ಮಡಿದ ಕರ್ನಲ್ ಮಾರಿಸ್ ಲೀಬ್‌ಮನ್ ಅವರ ನೆನಪಿಗಾಗಿ 1919ರಲ್ಲಿ ಇ. ಜೆ. ಸೈಮನ್ ಅವರು ದತ್ತಿ ಸ್ಥಾಪಿಸಿದರು. ರೇಡಿಯೊ ವಿದ್ಯೆಗೆ ಮಹತ್ವದ ಕೊಡುಗೆ ನೀಡಿದವರಿಗೆ ಆ ದತ್ತಿಯಿಂದ ಲೀಬ್‌ಮನ್ ಸ್ಮಾರಕ ಬಹುಮಾನ ಸಲ್ಲತೊಡಗಿತು. ಅದಕ್ಕೂ ಮೊದಲು, 1917ರಲ್ಲಿ, ಸಂಸ್ಥೆ ತನ್ನ ಅತ್ಯುನ್ನತ ಗೌರವವಾದ ‘ಮೆಡಲ್ ಆಫ್ ಆನರ್’ ಪದಕವನ್ನು ಆರಂಭಿಸಿತ್ತು. ಅದನ್ನು ಮೊದಲು ಪಡೆದವರು ಆರ್ಮ್‌ಸ್ಟ್ರಾಂಗ್.

ಆ ಪದಕಕ್ಕೆ ಸಂಬಂಧಿಸಿದ ಒಂದು ಪ್ರಸಂಗವನ್ನು ನಮ್ಮ ಬಳಗ ಮರೆಯುವಂತಿಲ್ಲ. ವಾಲ್ವಿನ ಸಂಕೇತವನ್ನು ಮರಳಿ ಊಡಿಸಿ ಹಿಗ್ಗಿಸುವ ರೀಜನರೇಷನ್ ಸರ್ಕ್ಯೂಟಿನ ಪೇಟೆಂಟ್ ಕುರಿತು ಆರ್ಮ್‌ಸ್ಟ್ರಾಂಗ್ ಮತ್ತು ಡಿ ಫಾರೆಸ್ಟ್ ನಡುವಣ ವ್ಯಾಜ್ಯ ವರ್ಷಗಟ್ಟಲೆ ನಡೆದು, 1934ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಡಿ ಫಾರೆಸ್ಟ್ ಪರವಾಗಿ ತೀರ್ಪಿತ್ತಿತು. ನೊಂದ ಆರ್ಮ್‌ಸ್ಟ್ರಾಂಗ್ ಅದೇ ತಿಂಗಳು ಫಿಲಡೆಲ್ಫಿಯಾದಲ್ಲಿ ನಡೆದ ಸಂಸ್ಥೆಯ ಸಮಾವೇಶಕ್ಕೆ ಪದಕವನ್ನು ಹಿಂದಿರುಗಿಸಲೆಂದೇ ಹೋದರು. ಆದರೆ ಅಧ್ಯಕ್ಷ ಸಿ. ಎಂ. ಜಾನ್ಸ್ಕಿ ಜೂನಿಯರ್ ಅವರು ಆಡಳಿತ ಮಂಡಳಿಯ ಪರವಾಗಿ ಅದನ್ನು ಹಿಂದಕ್ಕೆ ಪಡೆಯಲು ನಿರಾಕರಿಸಿ, 1917ರ ಗೌರವವನ್ನು ಮತ್ತೊಮ್ಮೆ ಎತ್ತಿಹಿಡಿದರು. ಸಭೆ ಎದ್ದುನಿಂತು ಆರ್ಮ್‌ಸ್ಟ್ರಾಂಗ್ ಅವರನ್ನು ಗೌರವಿಸಿತು. ನ್ಯಾಯಾಲಯದಲ್ಲಿ ಗೆದ್ದವರು ಯಾರೇ ಇರಲಿ, ಎಂಜಿನಿಯರಿಂಗ್ ಸಾಧನೆಯನ್ನು ತೂಗುವ ಕೆಲಸ ತನ್ನದು ಎಂಬ ಆತ್ಮವಿಶ್ವಾಸವನ್ನು ಸಂಸ್ಥೆ ಅಂದು ತೋರಿತು.

ಕಷ್ಟದ ದಿನಗಳು, ಶ್ರೇಷ್ಠ ಪ್ರಬಂಧಗಳು

1930ರ ದಶಕ ಆರ್ಥಿಕ ಮುಗ್ಗಟ್ಟಿನ ಕಾಲ. ಎಂಜಿನಿಯರ್‌ಗಳು ಕೆಲಸ ಕಳೆದುಕೊಂಡರು, ವಾರ್ಷಿಕ ಚಂದಾ ಕಟ್ಟಲಾಗದೆ ಅನೇಕರು ಸದಸ್ಯತ್ವ ಬಿಟ್ಟರು. ಆದರೂ ಪತ್ರಿಕೆ ನಿಲ್ಲಲಿಲ್ಲ. ವಿಶ್ವದ ಬಗೆಗಿನ ಮನುಷ್ಯನ ತಿಳಿವಳಿಕೆಯನ್ನೇ ಬದಲಿಸಿದ ಪ್ರಬಂಧವೊಂದು ಪ್ರಕಟವಾದದ್ದು ಈ ಕಷ್ಟದ ದಿನಗಳಲ್ಲಿಯೇ.

ಬೆಲ್ ಪ್ರಯೋಗಾಲಯದ ಯುವ ಎಂಜಿನಿಯರ್ ಕಾರ್ಲ್ ಜಾನ್ಸ್ಕಿ ಮೇಲೆ ಹೇಳಿದ ಅಧ್ಯಕ್ಷರ ತಮ್ಮ. ಅಟ್ಲಾಂಟಿಕ್ ಆಚೆಗಿನ ರೇಡಿಯೊ ಟೆಲಿಫೋನಿಗೆ ತೊಡಕಾಗುವ ಗೊರಗೊರ ಸದ್ದು ಎಲ್ಲಿಂದ ಬರುತ್ತದೆ ಎಂದು ಪತ್ತೆ ಮಾಡುವುದು ಅವರಿಗೆ ವಹಿಸಿದ್ದ ಕೆಲಸ. ನ್ಯೂಜೆರ್ಸಿಯ ಹೋಮ್‌ಡೆಲ್‌ನ ಬಯಲಿನಲ್ಲಿ ಫೋರ್ಡ್ ಕಾರಿನ ಚಕ್ರಗಳ ಮೇಲೆ ನಿಧಾನವಾಗಿ ಸುತ್ತುವ ಉದ್ದನೆಯ ಆಂಟೆನಾ ಕಟ್ಟಿದರು. ಹತ್ತಿರದ ಸಿಡಿಲಿನ ಸದ್ದು, ದೂರದ ಸಿಡಿಲಿನ ಸದ್ದು ಎರಡನ್ನೂ ಬೇರ್ಪಡಿಸಿದ ಮೇಲೆ ಮೂರನೆಯದೊಂದು ಸಣ್ಣ ಸದ್ದು ಉಳಿಯಿತು. ಅದರ ಏರಿಳಿತ 23 ಗಂಟೆ 56 ನಿಮಿಷಕ್ಕೊಮ್ಮೆ ಮರುಕಳಿಸುತ್ತಿತ್ತು. ಅದು ಸೂರ್ಯನ ದಿನವಲ್ಲ, ನಕ್ಷತ್ರಗಳ ದಿನ. ಹಾಗಾದರೆ ಸದ್ದಿನ ಮೂಲ ಸೌರವ್ಯೂಹದ ಆಚೆಗಿದೆ ಎಂದಾಯಿತು. ಈ ಶೋಧ 1933ರ ಅಕ್ಟೋಬರ್ ಸಂಚಿಕೆಯಲ್ಲಿ ಪ್ರಕಟವಾಯಿತು. ರೇಡಿಯೊ ಖಗೋಳವಿಜ್ಞಾನ ಹುಟ್ಟಿದ್ದು ಹೀಗೆ.

ಜಾನ್ಸ್ಕಿ ಅವರ ಕೆಲಸದಿಂದ ಸ್ಫೂರ್ತಿ ಪಡೆದ ಹವ್ಯಾಸಿ ರೇಡಿಯೊ ಪಟು ಗ್ರೋಟ್ ರೆಬರ್ ಅವರು 1937ರಲ್ಲಿ ಇಲಿನಾಯ್ಸ್‌ನ ವೀಟನ್ ಪಟ್ಟಣದ ತಮ್ಮ ಮನೆಯಂಗಳದಲ್ಲಿ ಸ್ವಂತ ಖರ್ಚಿನಲ್ಲಿ ದೊಡ್ಡ ತಟ್ಟೆ ಆಂಟೆನಾ ನಿಲ್ಲಿಸಿದರು. ಅವರ ಫಲಿತಾಂಶ ಪ್ರಕಟವಾದದ್ದೂ ಇದೇ ಪತ್ರಿಕೆಯ 1940ರ ಫೆಬ್ರವರಿ ಸಂಚಿಕೆಯಲ್ಲಿ. ನಮ್ಮ ಗೌರಿಬಿದನೂರಿನ ರೇಡಿಯೊ ದೂರದರ್ಶಕ 1970ರ ದಶಕದಿಂದ ಆಕಾಶಗಂಗೆಯ ದೀರ್ಘ ತರಂಗಗಳನ್ನು ಆಲಿಸಿದ್ದು ಇದೇ ಪರಂಪರೆಯ ಮುಂದುವರಿಕೆ.

1930ರ ದಶಕದಲ್ಲಿಯೇ ಪತ್ರಿಕೆ ತನ್ನ ಪುಟಗಳಲ್ಲಿದ್ದ ಹಳೆಯ ನಿರ್ಣಯವೊಂದು ಮರುವಿಮರ್ಶೆಗೆ ಒಳಗಾಗಲು ಎಡೆಮಾಡಿಕೊಟ್ಟಿತು. 1922ರಲ್ಲಿ ಜಾನ್ ಕಾರ್ಸನ್ ಅವರು ಫ್ರೀಕ್ವೆನ್ಸಿ ಮಾಡ್ಯುಲೇಷನ್‌ನಿಂದ ಪ್ರಯೋಜನವಿಲ್ಲ ಎಂದು ಗಣಿತದ ಆಧಾರದಿಂದ ಬರೆದಿದ್ದರು. ಬ್ಯಾಂಡ್ ಕಿರಿದಾಗುತ್ತದೆಯೇ ಎಂಬುದಷ್ಟನ್ನೇ ನೋಡಿದರೆ ಅವರ ಲೆಕ್ಕ ಸರಿಯೇ ಆಗಿತ್ತು. ಆರ್ಮ್‌ಸ್ಟ್ರಾಂಗ್ ಬ್ಯಾಂಡನ್ನು ಅಗಲಿಸಿ ನೋಡಿದರು. 1935ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಸಂಸ್ಥೆಯ ಸಭೆ. ಯಾಂಕರ್ಸ್‌ನಲ್ಲಿ ಅವರ ಗೆಳೆಯರ ಮನೆಯಿಂದ ಪ್ರಸಾರ. ಸಭಿಕರಿಗೆ ಲೋಟಕ್ಕೆ ನೀರು ಸುರಿಯುವ ಸದ್ದು ಕೇಳಿಸಿತು, ಕಾಗದ ಮುದುಡುವ ಸದ್ದು ಕೇಳಿಸಿತು. ಅಷ್ಟು ಸಣ್ಣ ಸದ್ದನ್ನು ಅಷ್ಟು ನಿಚ್ಚಳವಾಗಿ ರೇಡಿಯೊದಲ್ಲಿ ಅವರು ಹಿಂದೆಂದೂ ಕೇಳಿರಲಿಲ್ಲ. ಅಲ್ಲಿ ಅವರು ಮಂಡಿಸಿದ ಪ್ರಬಂಧ 1936ರ ಮೇ ಸಂಚಿಕೆಯಲ್ಲಿ ಅಚ್ಚಾಯಿತು. ಇಂದು ನಾವು ಎಫ್.ಎಂ. ಎಂದು ಕರೆಯುವ ಪ್ರಸಾರದ ತಳಹದಿ ಅದು. ಪ್ರತಿಷ್ಠಿತ ವಿದ್ವಾಂಸರ ನಿರ್ಣಯವನ್ನು ಪ್ರಯೋಗವೊಂದು ಪ್ರಶ್ನಿಸಿದಾಗ ಅದಕ್ಕೂ ಸಮಾನ ಸ್ಥಾನ ಕೊಟ್ಟದ್ದು ಪತ್ರಿಕೆಯ ದೊಡ್ಡತನ.

ಹೊರನಾಡಿನ ವಿದ್ವಾಂಸರಿಗೂ ಇಲ್ಲಿ ಅಷ್ಟೇ ಆದರವಿತ್ತು. ಜಪಾನಿನ ಹಿಡೆಟ್ಸುಗು ಯಾಗಿ ಅವರು ತಾವೂ ಶಿಂಟಾರೊ ಉಡಾ ಅವರೂ ರೂಪಿಸಿದ ಆಂಟೆನಾ ಕುರಿತು 1928ರ ಜೂನ್ ಸಂಚಿಕೆಯಲ್ಲಿ ಬರೆದರು. ನಮ್ಮೂರುಗಳ ಹೆಂಚಿನ ಮನೆಗಳ ಮೇಲೂ ಟಿ.ವಿ.ಗಾಗಿ ಎದ್ದು ನಿಂತಿದ್ದ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ಅದೇ.

ಯುದ್ಧಾನಂತರದ ಸುವರ್ಣ ಕಾಲ

ಎರಡನೇ ಮಹಾಯುದ್ಧದಲ್ಲಿ ರಾಡಾರ್ ಸಂಶೋಧನೆಗೆಲ್ಲ ಗೋಪ್ಯತೆಯ ಬೀಗ ಬಿದ್ದಿತ್ತು. ಯುದ್ಧ ಮುಗಿಯುತ್ತಲೇ ಮೈಕ್ರೋವೇವ್, ರವ (ನಾಯ್ಸ್), ಆಂಟೆನಾ ಕುರಿತ ಪ್ರಬಂಧಗಳು ಒಂದರ ಹಿಂದೊಂದು ಬಂದವು. ಹೆರಾಲ್ಡ್ ಫ್ರಿಸ್ ಅವರ ಸರಳ ಪ್ರಸರಣ ಸೂತ್ರ 1946ರ ಮೇ ಸಂಚಿಕೆಯದು. ಇಂದಿಗೂ ಉಪಗ್ರಹ ಸಂಪರ್ಕದ ಲೆಕ್ಕ ಹಾಕುವ ಪ್ರತಿಯೊಬ್ಬ ಎಂಜಿನಿಯರ್ ಬಳಸುವುದು ಆ ಸೂತ್ರವನ್ನೇ. 1946ರಲ್ಲಿಯೇ ಸದಸ್ಯರ ಮತ್ತು ಉದ್ಯಮಗಳ ವಂತಿಗೆಯ ಬಲದಿಂದ ನ್ಯೂಯಾರ್ಕಿನ 79ನೇ ರಸ್ತೆಯಲ್ಲಿದ್ದ ಬ್ರೋಕಾ ಮಹಲು ಸಂಸ್ಥೆಯ ಸ್ವಂತ ನೆಲೆಯಾಯಿತು.

1949ರ ಜನವರಿಯಲ್ಲಿ ಕ್ಲಾಡ್ ಶ್ಯಾನನ್ ಅವರು ರವದ ನಡುವೆ ಸಂವಹನ ಕುರಿತು ಬರೆದರು. 1952ರ ಸೆಪ್ಟೆಂಬರಿನಲ್ಲಿ ಡೇವಿಡ್ ಹಫ್‌ಮನ್ ಅವರ ಸಂಕೇತ ಪದ್ಧತಿ ಪ್ರಕಟವಾಯಿತು. ಎಂ.ಐ.ಟಿ.ಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಅಂತಿಮ ಪರೀಕ್ಷೆಯ ಬದಲು ಬರೆಯಬಹುದಾಗಿದ್ದ ಟರ್ಮ್ ಪೇಪರಿನಿಂದ ಹುಟ್ಟಿದ ಆಲೋಚನೆಯದು. ಮೊಬೈಲಿನಲ್ಲಿ ತೆಗೆದ ಫೋಟೊ ಜೆಪೆಗ್ ಕಡತವಾಗುವಾಗ ಆ ಪದ್ಧತಿ ಈಗಲೂ ಕೆಲಸ ಮಾಡುತ್ತಿರುತ್ತದೆ.

1948ರಿಂದ ಸಂಸ್ಥೆಯೊಳಗೆ ವಿಷಯವಾರು ವೃತ್ತಿ ಗುಂಪುಗಳು ಆರಂಭವಾದವು. ಮುಂದೆ ಅವು ತಮ್ಮವೇ ‘ಟ್ರಾನ್ಸಾಕ್ಷನ್ಸ್’ ಪತ್ರಿಕೆಗಳನ್ನು ಹೊರತಂದವು. ಸೂಕ್ಷ್ಮ ವಿಷಯಗಳ ಪ್ರಬಂಧಗಳು ಅಲ್ಲಿಗೆ ಹೋದಂತೆ ‘ಪ್ರೊಸೀಡಿಂಗ್ಸ್’ ಇಡೀ ಕ್ಷೇತ್ರವನ್ನು ಒಟ್ಟಾಗಿ ನೋಡುವ ಸಮೀಕ್ಷೆಗಳ, ವಿಶೇಷಾಂಕಗಳ ಪತ್ರಿಕೆಯಾಗಿ ಮಾರ್ಪಟ್ಟಿತು. 1952ರ ನವೆಂಬರಿನಲ್ಲಿ ಟ್ರಾನ್ಸಿಸ್ಟರ್, 1953ರ ಅಕ್ಟೋಬರಿನಲ್ಲಿ ಕಂಪ್ಯೂಟರ್, 1954ರ ಜನವರಿಯಲ್ಲಿ ಬಣ್ಣದ ಟೆಲಿವಿಷನ್, 1958ರ ಜನವರಿಯಲ್ಲಿ ರೇಡಿಯೊ ಖಗೋಳವಿಜ್ಞಾನ ವಿಶೇಷಾಂಕಗಳು ಬಂದವು. ಗೋಲ್ಡ್‌ಸ್ಮಿತ್ ಅವರ ಬಳಿಕ ಬೆಲ್ ಪ್ರಯೋಗಾಲಯದ ಜಾನ್ ಪಿಯರ್ಸ್, ಅನಂತರ ಡೊನಾಲ್ಡ್ ಫಿಂಕ್ ಸಂಪಾದಕರಾಗಿ ಈ ಪರಂಪರೆಯನ್ನು ಮುನ್ನಡೆಸಿದರು. ಸುವರ್ಣ ಮಹೋತ್ಸವದ 1962ರ ಮೇ ಸಂಚಿಕೆಯಲ್ಲಿ ಐವತ್ತು ವರ್ಷಗಳ ಸಾಧನೆಯ ಜೊತೆಗೆ 2012ರ ಹೊತ್ತಿಗೆ ಜಗತ್ತು ಹೇಗಿದ್ದೀತು ಎಂಬ ಹಿರಿಯರ ಕಲ್ಪನೆಗಳೂ ಅಚ್ಚಾದವು.

1963ರ ಜನವರಿ 1ರಂದು ಈ ಸಂಸ್ಥೆ 1884ರಲ್ಲಿ ಸ್ಥಾಪನೆಯಾಗಿದ್ದ ಅಮೆರಿಕದ ವಿದ್ಯುತ್ ಎಂಜಿನಿಯರ್‌ಗಳ ಸಂಸ್ಥೆಯೊಡನೆ ಸೇರಿ ಐ-ಟ್ರಿಪಲ್-ಇ ಆಯಿತು. ಸದಸ್ಯರು ಸುಮಾರು 1,50,000. ಎರ್ನ್‌ಸ್ಟ್ ವೆಬರ್ ಮೊದಲ ಅಧ್ಯಕ್ಷರು. ಪತ್ರಿಕೆಯ ಹೆಸರು ಬದಲಾಯಿತು, ಆದರೆ ಸಂಪುಟ ಸಂಖ್ಯೆ 1913ರಿಂದ ಬಂದ ಕ್ರಮದಲ್ಲಿಯೇ ಮುಂದುವರಿಯಿತು.

ಕನ್ನಡ ನಾಡಿನ ನಂಟು

ರೇಡಿಯೊ ಎಂಜಿನಿಯರ್‌ಗಳ ಈ ಸಂಸ್ಥೆಯ ಭಾರತೀಯ ಶಾಖೆಯ ಸ್ಥಾಪಕ ಅಧ್ಯಕ್ಷರು ಬಂಟ್ವಾಳ ವಿಠಲ ಬಾಳಿಗಾ. ಸ್ವಾತಂತ್ರ್ಯಪೂರ್ವದ ಮೊದಲ ತಲೆಮಾರಿನ ವಿದ್ಯುತ್ ಎಂಜಿನಿಯರ್‌ಗಳಲ್ಲಿ ಒಬ್ಬರಾಗಿದ್ದ ಅವರು ದೇಶದಲ್ಲಿ ಎಲೆಕ್ಟ್ರಾನಿಕ್ಸ್ ಉದ್ಯಮ ಬೇರೂರಲು ದುಡಿದ ಹಿರಿಯರು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದ ಅವರ ಪುತ್ರ ಬಿ. ಜಯಂತ ಬಾಳಿಗಾ ಅವರು ಐ.ಜಿ.ಬಿ.ಟಿ. ಎಂಬ ಪವರ್ ಸೆಮಿಕಂಡಕ್ಟರ್ ಸಾಧನವನ್ನು ರೂಪಿಸಿದರು. ವಿದ್ಯುತ್ ಕಾರು, ರೈಲು, ಇನ್ವರ್ಟರ್ ಎ.ಸಿ.ಗಳಲ್ಲೆಲ್ಲ ಇಂದು ಅದು ಇದೆ. ಪವರ್ ಸೆಮಿಕಂಡಕ್ಟರ್ ತಂತ್ರಜ್ಞಾನದ ಭವಿಷ್ಯ ಕುರಿತ ಅವರ ಲೇಖನ ಇದೇ ಪತ್ರಿಕೆಯ 2001ರ ಜೂನ್ ಸಂಚಿಕೆಯಲ್ಲಿ ಪ್ರಕಟವಾಯಿತು. 1917ರಲ್ಲಿ ಆರ್ಮ್‌ಸ್ಟ್ರಾಂಗ್ ಅವರಿಂದ ಆರಂಭವಾದ ಆ ಮೆಡಲ್ ಆಫ್ ಆನರ್ 2014ರಲ್ಲಿ ಜಯಂತ ಬಾಳಿಗಾ ಅವರಿಗೆ ಸಂದಿತು. ತಂದೆ ಶಾಖೆಯನ್ನು ಕಟ್ಟಿದರು. ಅದೇ ಪರಂಪರೆಯ ಅತ್ಯುನ್ನತ ಗೌರವ ಮಗನಿಗೆ ಒಲಿಯಿತು.

ಭಾರತದ ಹಿರಿಯ ವಿಜ್ಞಾನಿಗೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸುವುದರಲ್ಲಿಯೂ ಪತ್ರಿಕೆ ಹಿಂದೆ ಬೀಳಲಿಲ್ಲ. 1901ರಲ್ಲಿ ಮಾರ್ಕೋನಿ ಅವರು ಅಟ್ಲಾಂಟಿಕ್ ದಾಟಿಸಿದ ಸಂಕೇತವನ್ನು ಗ್ರಹಿಸಿದ ಸಾಧನದ ಮೂಲ ಜಗದೀಶ ಚಂದ್ರ ಬೋಸ್ ಅವರದು ಎಂದು ಆಧಾರಸಹಿತ ವಾದಿಸಿದ ಪ್ರೊಬೀರ್ ಬಂಡ್ಯೋಪಾಧ್ಯಾಯ ಅವರ ದೀರ್ಘ ಲೇಖನ 1998ರ ಜನವರಿ ಸಂಚಿಕೆಯಲ್ಲಿ ಬಂತು.

ಸಂಶೋಧನೆಯ ಒಲವುಗಳು, ಉಲ್ಲೇಖಗಳ ತೂಕ

ಸಂಪುಟಗಳನ್ನು ಸಾಲಾಗಿ ನೋಡಿದರೆ ಒಂದು ಶತಮಾನದ ಎಂಜಿನಿಯರಿಂಗ್ ಒಲವುಗಳು ತಾವಾಗಿ ತೆರೆದುಕೊಳ್ಳುತ್ತವೆ. 1910ರ ದಶಕ ಕಿಡಿ ಮತ್ತು ವಾಲ್ವುಗಳದು. 1920ರ ದಶಕ ಪ್ರಸಾರ, ಕಿರುತರಂಗ, ಸ್ಫಟಿಕಗಳದು. 1930ರ ದಶಕ ಟೆಲಿವಿಷನ್ ಮತ್ತು ಎಫ್.ಎಂ.ನದು. ಬಳಿಕ ರಾಡಾರ್, ಟ್ರಾನ್ಸಿಸ್ಟರ್, ಕಂಪ್ಯೂಟರ್, ಬಾಹ್ಯಾಕಾಶ ಬಂದವು. 1970ರ ದಶಕದಲ್ಲಿ ಡಿಜಿಟಲ್ ಸಂಕೇತ ಸಂಸ್ಕರಣೆ ಮುಂದೆ ಬಂತು. ಇತ್ತೀಚಿನ ದಶಕಗಳಲ್ಲಿ ಯಂತ್ರಕಲಿಕೆ, ವೈರ್‌ಲೆಸ್ ಜಾಲ, ಇಂಧನ ವ್ಯವಸ್ಥೆಗಳಿಗೆ ಹೆಚ್ಚು ಪುಟ ಸಲ್ಲುತ್ತಿದೆ.

ಈ ಬದಲಾವಣೆಯ ಒಳಗೆ ಒಂದು ಎಳೆ ಮಾತ್ರ ಕಡಿಯದೆ ಬಂದಿದೆ. 1959ರ ನವೆಂಬರಿನಲ್ಲಿ ಲೆಟ್ವಿನ್, ಮಾಟುರಾನಾ, ಮೆಕ್‌ಕಲಕ್ ಮತ್ತು ಪಿಟ್ಸ್ ಕಪ್ಪೆಯ ಕಣ್ಣು ಅದರ ಮಿದುಳಿಗೆ ಏನನ್ನು ತಿಳಿಸುತ್ತದೆ ಎಂದು ಬರೆದರು. 1961ರ ಜನವರಿಯಲ್ಲಿ ಮಾರ್ವಿನ್ ಮಿನ್ಸ್ಕಿ ಕೃತಕ ಬುದ್ಧಿಮತ್ತೆಯತ್ತ ಇಡಬೇಕಾದ ಹೆಜ್ಜೆಗಳನ್ನು ಚರ್ಚಿಸಿದರು. 1989ರ ಫೆಬ್ರವರಿಯಲ್ಲಿ ಲಾರೆನ್ಸ್ ರಬಿನರ್ ಅವರು ಯಂತ್ರ ಮಾತನ್ನು ಗುರುತಿಸುವ ಮಾರ್ಕೋವ್ ಮಾದರಿಗಳ ಪಾಠ ಬರೆದರು. 1998ರ ನವೆಂಬರಿನಲ್ಲಿ ಯಾನ್ ಲೆಕುನ್ ಮತ್ತು ಸಂಗಡಿಗರು ಕೈಬರಹ ಓದುವ ನ್ಯೂರಲ್ ಜಾಲವನ್ನು ವಿವರಿಸಿದರು. ಈ ಕೊನೆಯ ಎರಡೂ ಪ್ರಬಂಧಗಳು ಹತ್ತಾರು ಸಾವಿರ ಬಾರಿ ಉಲ್ಲೇಖಗೊಂಡಿವೆ. ರೇಡಿಯೊ ಎಂಜಿನಿಯರ್‌ಗಳ ಪತ್ರಿಕೆ ಕಪ್ಪೆಯ ಕಣ್ಣಿಗೂ ಜಾಗ ಕೊಟ್ಟಿತು ಎಂಬುದರಲ್ಲಿಯೇ ಅದರ ವಿಶಾಲ ದೃಷ್ಟಿ ಕಾಣುತ್ತದೆ.

ಉಲ್ಲೇಖಗಳನ್ನು ಕ್ರಮಬದ್ಧವಾಗಿ ಎಣಿಸುವ ಸೂಚಿಯ ಕಲ್ಪನೆಯನ್ನು 1955ರಲ್ಲಿ ಮುಂದಿಟ್ಟವರು ಯೂಜಿನ್ ಗಾರ್ಫೀಲ್ಡ್. ಅದರ ಫಲವೇ ಇಂದಿನ ಇಂಪ್ಯಾಕ್ಟ್ ಫ್ಯಾಕ್ಟರ್. ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಒಂದು ವರ್ಷದಲ್ಲಿ ದೊರೆತ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಅದು ಸಿಗುತ್ತದೆ. ‘ಪ್ರೊಸೀಡಿಂಗ್ಸ್’ ಪತ್ರಿಕೆಯ ಅಂಕ ಇತ್ತೀಚಿನ ವರ್ಷಗಳಲ್ಲಿ 20 ದಾಟಿದೆ. ಇದಕ್ಕೆ ಕಾರಣ ಸ್ಪಷ್ಟ. ವರ್ಷಕ್ಕೆ ಅಚ್ಚಾಗುವ ಲೇಖನಗಳು ಕಡಿಮೆ, ಹೆಚ್ಚಿನವು ಪರಿಣತರ ಸಮಗ್ರ ಸಮೀಕ್ಷೆಗಳು. ಹೊಸದಾಗಿ ಕ್ಷೇತ್ರಕ್ಕೆ ಬರುವವರು ಮೊದಲು ಓದುವುದು ಅವನ್ನೇ.

ಆದರೆ ಎರಡು ವರ್ಷದ ಲೆಕ್ಕಕ್ಕೆ ಸಿಗದ ಮಹತ್ವವೂ ಇದೆ. 1966ರ ಫೆಬ್ರವರಿಯಲ್ಲಿ ಡೇವಿಡ್ ಅಲನ್ ಅವರು ಪರಮಾಣು ಗಡಿಯಾರಗಳ ಸ್ಥಿರತೆಯನ್ನು ಅಳೆಯುವ ಬಗೆಯನ್ನು ಬರೆದರು. ಇಂದು ಪಥದರ್ಶಕ ಉಪಗ್ರಹಗಳ ಗಡಿಯಾರಗಳನ್ನು ಪರೀಕ್ಷಿಸುವವರು ಅದೇ ಅಳತೆಯನ್ನು ಬಳಸುತ್ತಾರೆ. ಫ್ರಿಸ್ ಸೂತ್ರ, ಹಫ್‌ಮನ್ ಸಂಕೇತ, ಯಾಗಿ ಆಂಟೆನಾಗಳು ಪಠ್ಯಪುಸ್ತಕಗಳಲ್ಲಿ ಎಷ್ಟು ಬೆರೆತುಹೋಗಿವೆಯೆಂದರೆ ಮೂಲ ಪ್ರಬಂಧವನ್ನು ಹೆಸರಿಸುವ ಅಗತ್ಯವೇ ಎಷ್ಟೋ ಜನರಿಗೆ ತೋರುವುದಿಲ್ಲ. ವಿದ್ಯೆಯ ನಿತ್ಯಬಳಕೆಯಲ್ಲಿ ಕರಗಿಹೋಗುವ ಬರಹಕ್ಕೆ ಅದಕ್ಕಿಂತ ದೊಡ್ಡ ಮನ್ನಣೆಯಿಲ್ಲ.

ಈ ಎಲ್ಲ ಸಾಧನೆಯ ಬುನಾದಿ 1912ರಲ್ಲಿ ಮೂವರು ಕೈಗೊಂಡ ನಿರ್ಧಾರಗಳಲ್ಲಿದೆ. ಸಂಘವನ್ನು ಎಲ್ಲ ದೇಶಗಳಿಗೂ ತೆರೆದರು, ಬರೆದವರ ಹುದ್ದೆಗಿಂತ ಕೆಲಸವನ್ನು ನೋಡಿದರು, ಭಿನ್ನಮತಕ್ಕೆ ಪುಟ ಕೊಟ್ಟರು. ಮ್ಯಾರಿಯಟ್, ಗೋಲ್ಡ್‌ಸ್ಮಿತ್ ಮತ್ತು ಹೋಗನ್ ಅವರಿಗೂ, ದತ್ತಿ ನೀಡಿದ ದಾನಿಗಳಿಗೂ, ಪ್ರತಿಫಲ ಬಯಸದೆ ಪ್ರಬಂಧಗಳನ್ನು ಪರಿಶೀಲಿಸಿದ ಅಸಂಖ್ಯ ವಿದ್ವಾಂಸರಿಗೂ ನಮ್ಮ ಬಳಗದ ಗೌರವಪೂರ್ವಕ ನಮನಗಳು. ನಮ್ಮ ಕಿರಿಯ ಎಂಜಿನಿಯರ್‌ಗಳಲ್ಲಿ ನಮ್ಮ ವಿನಂತಿ ಇಷ್ಟೇ: ಸೂತ್ರವನ್ನು ಬಳಸುವಾಗ ಅದು ಹುಟ್ಟಿದ ಮೂಲ ಪ್ರಬಂಧವನ್ನು ಒಮ್ಮೆಯಾದರೂ ಓದಿ, ಬರೆಯುವಾಗ ಅದನ್ನು ಮರೆಯದೆ ಉಲ್ಲೇಖಿಸಿ, ನಿಮ್ಮ ಶ್ರೇಷ್ಠ ಕೆಲಸವನ್ನು ಈ ಪತ್ರಿಕೆಗೆ ಧೈರ್ಯವಾಗಿ ಕಳುಹಿಸಿ.